ಹಣೆ ಮೇಲೆ ಸುಳಿ, ಅದರ ಮೇಲೆ ಫ್ರಿಂಜ್: ಎಲ್ಲಿ ಕೈಕೊಡುತ್ತದೆ, ಏನು ಮಾಡಬಹುದು

ನನ್ನ ಬಲ ಹುಬ್ಬಿನ ನೇರಕ್ಕೆ, ಕೂದಲು ಶುರುವಾಗುವ ಅಂಚಿನಲ್ಲೇ ಒಂದು ಸುಳಿ ಇದೆ. ಇಪ್ಪತ್ತೆರಡು ವರ್ಷ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಎಣ್ಣೆ ಹಚ್ಚಿ, ಹಿಂದಕ್ಕೆ ಬಾಚಿ, ಬಿಗಿಯಾಗಿ ಜಡೆ ಹಾಕಿದರೆ ಯಾವ ಸುಳಿಯೂ ತಲೆ ಎತ್ತುವುದಿಲ್ಲ. ಅಕ್ಕನ ಮದುವೆಗೆ ನಾಲ್ಕು ದಿನ ಇರುವಾಗ ಒಂದು ಪಾರ್ಲರ್‌ಗೆ ಹೋಗಿ ಹುಬ್ಬಿನ ಮಟ್ಟಕ್ಕೆ ಫ್ರಿಂಜ್, ಅಂದರೆ ಹಣೆ ಮೇಲೆ ಇಳಿಬಿಡುವ ಮುಂಗೂದಲು, ಹೊಡೆಸಿಕೊಂಡೆ. ಡ್ರೈಯರ್ ಹಿಡಿದು ಕೂರಿಸಿ ಕಳಿಸಿದರು, ಚೆನ್ನಾಗೇ ಇತ್ತು. ಮಾರನೇ ದಿನ ತಲೆಗೆ ಸ್ನಾನ ಮಾಡಿ ಬಂದು ಕನ್ನಡಿ ನೋಡಿದರೆ ಬಲಗಡೆ ಒಂದು ಗುಪ್ಪೆ ಕೂದಲು ಹುಂಜದ ಜುಟ್ಟಿನ ಹಾಗೆ ನಿಂತಿತ್ತು. ಒಳಗೆ ಹೂ ಕಟ್ಟುತ್ತಾ ಕೂತಿದ್ದ ಅಜ್ಜಿ ಒಮ್ಮೆ ನೋಡಿ, "ಎತ್ತು ಕೊಳ್ಳೋಕೆ ಹೋದ್ರೂ ಮೊದ್ಲು ಸುಳಿ ನೋಡ್ತಾರೆ. ನಿನ್ನ ತಲೆ ಕತ್ತರಿಸಿದೋರು ನೋಡ್ಲಿಲ್ವೇನೇ?" ಅಂದರು.

ನೋಡಿರಲಿಲ್ಲ. ನಾನೂ ಹೇಳಿರಲಿಲ್ಲ. ಅಲ್ಲಿಂದ ಶುರುವಾದ ನನ್ನ ಪ್ರಯೋಗಗಳ ಸಾರ ಕೆಳಗಿದೆ. ಖರ್ಚಿಲ್ಲದ್ದು ಮೊದಲು, ಕಷ್ಟದ್ದು ಆಮೇಲೆ. ನಿಮ್ಮ ಕೂದಲು ಏನು ಮಾಡುತ್ತಿದೆಯೋ ಆ ತಲೆಬರಹಕ್ಕೆ ನೇರ ಹೋಗಬಹುದು, ಆದರೆ ಮೊದಲ ಪರೀಕ್ಷೆಯನ್ನು ಮಾತ್ರ ಎಲ್ಲರೂ ಮಾಡಿ.

ಎಲ್ಲಕ್ಕಿಂತ ಮೊದಲು: ಸುಳಿ ಎಲ್ಲಿದೆ, ಯಾವ ಕಡೆ ತಿರುಗಿದೆ?

ನೆತ್ತಿಯ ಹಿಂದೆ ಬಹುತೇಕ ಎಲ್ಲರಿಗೂ ಒಂದು ಸುಳಿ ಇರುತ್ತದೆ. ಹೆಚ್ಚಿನವರಿಗೆ ಅದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಇರುತ್ತದೆ. ಕೆಲವರಿಗೆ ಅಲ್ಲಿ ಎರಡು. (ಎರಡು ಸುಳಿ ಇದ್ದರೆ ಎರಡು ಮದುವೆ ಅಂತ ನಮ್ಮ ಕಡೆ ಹೇಳುತ್ತಾರೆ. ನಮ್ಮ ದೊಡ್ಡಪ್ಪನಿಗೆ ಎರಡಿದೆ, ಮದುವೆ ಒಂದೇ, ಅದೇ ಸಾಕಾಗಿದೆ ಅಂತಾರೆ.) ಫ್ರಿಂಜಿಗೆ ತಕರಾರು ಮಾಡುವುದು ಆ ಸುಳಿಯಲ್ಲ. ಮುಂದಲೆಯಲ್ಲಿ, ಹಣೆಯ ಅಂಚಿಗೆ ಹತ್ತಿರ ಇರುವ ಸುಳಿ.

ಸುಳಿ ಅಂದರೆ ಕೂದಲಿನ ಕಾಯಿಲೆ ಏನಲ್ಲ. ಪ್ರತಿ ಕೂದಲೂ ಚರ್ಮದಿಂದ ಒಂದು ಓರೆಯಲ್ಲಿ ಹೊರಗೆ ಬರುತ್ತದೆ. ಸುತ್ತಲಿನ ಕೂದಲು ಒಂದು ಕಡೆ ವಾಲಿದ್ದು, ಒಂದು ಜಾಗದಲ್ಲಿ ಮಾತ್ರ ಬೇರೆ ಕಡೆ ತಿರುಗಿದ್ದರೆ ಅದೇ ಸುಳಿ. ಈ ಓರೆ ತಾಯಿ ಹೊಟ್ಟೆಯಲ್ಲಿರುವಾಗಲೇ ತೀರ್ಮಾನ ಆಗಿರುತ್ತದೆ. ಹಾಗಾಗಿ ಮುಡಿ ಕೊಟ್ಟರೂ, ನುಣ್ಣಗೆ ಬೋಳಿಸಿದರೂ, ಕೂದಲು ಮತ್ತೆ ಬರುವಾಗ ಅದೇ ಜಾಗದಲ್ಲಿ ಅದೇ ಕಡೆಗೆ ತಿರುಗಿಕೊಂಡೇ ಬರುತ್ತದೆ. ಬದಲಾಯಿಸಬಹುದಾದ್ದು ಕೂದಲಿನ ಉದ್ದ, ತೂಕ, ಒಣಗಿಸುವ ರೀತಿ. ಬುಡವನ್ನಲ್ಲ.

ಪರೀಕ್ಷೆ ಹೀಗೆ. ಶಾಂಪೂ ಹಾಕಿ ತಲೆಗೆ ಸ್ನಾನ ಮಾಡಿ. ಆ ದಿನ ಕಂಡೀಷನರ್, ಸೀರಮ್, ಎಣ್ಣೆ ಯಾವುದೂ ಬೇಡ. ಟವೆಲ್ ಒತ್ತಿ ನೀರು ತೊಟ್ಟಿಕ್ಕದಷ್ಟು ಒರೆಸಿ. ಮುಂದಲೆಯನ್ನೆಲ್ಲ ಹಿಂದಕ್ಕೆ ಬಾಚಿ. ಆಮೇಲೆ ಅಂಗೈಯನ್ನು ನೆತ್ತಿಯ ಮೇಲಿಟ್ಟು ಮೆಲ್ಲಗೆ ಹಣೆ ಕಡೆಗೆ ತಳ್ಳಿ. ಕೂದಲು ತಾನೇ ಎಲ್ಲಿ ಸೀಳುತ್ತದೋ ಅದು ನಿಮ್ಮ ಹುಟ್ಟು ಬೈತಲೆ. ಈಗ ಕೈ ತೆಗೆದು, ಮುಟ್ಟದೆ ಹದಿನೈದು ಇಪ್ಪತ್ತು ನಿಮಿಷ ಒಣಗಲು ಬಿಡಿ. ಮುಟ್ಟದೆ ಇರುವುದೇ ಇದರಲ್ಲಿ ಕಷ್ಟದ ಭಾಗ.

ಒಣಗಿದ ಮೇಲೆ ನೋಡಿ. ಮುಂದಲೆ ಪೂರ್ತಿ ಒಂದೇ ಕಡೆಗೆ ವಾಲಿದೆಯಾ? ಇದು ಸುಲಭದ ಸುಳಿ. ನಡುವೆ ಎರಡು ಭಾಗವಾಗಿ ಆಚೀಚೆ ಹೋಗಿದೆಯಾ? ಇದಕ್ಕೂ ದಾರಿ ಇದೆ. ಒಂದು ಗುಪ್ಪೆ ಮಾತ್ರ ನೆಟ್ಟಗೆ ನಿಂತು, ಉಳಿದದ್ದು ಮಲಗಿದೆಯಾ? ಇದೇ ಸ್ವಲ್ಪ ಹಟಮಾರಿ. ಏನೂ ಇಲ್ಲ, ಎಲ್ಲಾ ನೇರ ಕೆಳಗೆ ಬಿದ್ದಿದೆ ಅಂದರೆ ನಿಮಗೆ ಮುಂದಲೆ ಸುಳಿಯೇ ಇಲ್ಲ, ತೊಂದರೆ ಬೇರೆ.

ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಪಾರ್ಲರ್‌ನಲ್ಲಿ ತೋರಿಸಲು ಬೇಕಾಗುತ್ತದೆ. ಸೆಲ್ಫಿ ಬೇಡ. ಕೆಲವು ಫೋನುಗಳಲ್ಲಿ ಸೆಲ್ಫಿಯ ಎಡಬಲ ಅದಲುಬದಲಾಗಿ ಬರುತ್ತದೆ. ನಾನು ಒಮ್ಮೆ ಅದನ್ನೇ ತೋರಿಸಿ, ಸುಳಿಗೆ ಎದುರು ದಿಕ್ಕಿಗೆ ಕತ್ತರಿಸಿಕೊಂಡು ಬಂದಿದ್ದೇನೆ. ಬೇರೆಯವರ ಕೈಲಿ ತೆಗೆಸಿ.

"ಬೆಳಿಗ್ಗೆ ಎದ್ದಾಗ ನಿಂತಿರುತ್ತದೆ, ಸ್ನಾನ ಮಾಡಿದರೆ ಸರಿಹೋಗುತ್ತದೆ"

ಇದು ಸುಳಿ ಅಲ್ಲ, ದಿಂಬು. ಇಲ್ಲದಿದ್ದರೆ ಹೆಲ್ಮೆಟ್. ರಾತ್ರಿ ಒದ್ದೆ ತಲೆಯಲ್ಲೇ ಮಲಗುವವರಿಗೆ, ಅರ್ಧ ಒಣಗಿದ ಕೂದಲ ಮೇಲೆ ಹೆಲ್ಮೆಟ್ ಏರಿಸಿ ಆಫೀಸಿಗೆ ಹೊರಡುವವರಿಗೆ ಇದು ದಿನವೂ ಇದ್ದದ್ದೇ. ಕೂದಲು ಒದ್ದೆ ಇದ್ದಾಗ ಹೇಗೆ ಮಡಿಸಿರುತ್ತೀರೋ, ಒಣಗಿದ ಮೇಲೆ ಹಾಗೇ ಕೂರುತ್ತದೆ. ಮುಂದಲೆಯನ್ನಷ್ಟೇ ಮತ್ತೆ ಬುಡದವರೆಗೆ ಒದ್ದೆ ಮಾಡಿ ಬಾಚಿದರೆ ಮುಗಿಯಿತು. ಹೆಲ್ಮೆಟ್ ಬಿಡಿ ಅಂತ ಮಾತ್ರ ನಾನು ಹೇಳುವುದಿಲ್ಲ. ಒಣಗಿಸಿಕೊಂಡು ಹಾಕಿ, ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಿ.

ಸುಳಿಯಂತೆ ಕಾಣುವ ಇನ್ನೊಂದು ಹಳೇ ಬೈತಲೆ. ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ನಡುಬೈತಲೆ ತೆಗೆದು ಎರಡು ಜಡೆ ಹಾಕಿದ ತಲೆ ಅಲ್ವಾ, ಕೂದಲು ಅಲ್ಲೇ ಸೀಳುವುದನ್ನು ರೂಢಿ ಮಾಡಿಕೊಂಡಿರುತ್ತದೆ. ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಎರಡು ಮೂರು ವಾರ ಬೇರೆ ಕಡೆ ಬೈತಲೆ ತೆಗೆಯಿರಿ. ಹಳೇ ರೂಢಿ ಆಗಿದ್ದರೆ ನಿಧಾನಕ್ಕೆ ಬಿಟ್ಟುಕೊಡುತ್ತದೆ. ಸುಳಿ ಆಗಿದ್ದರೆ ಮೂರನೇ ವಾರವೂ ಮೊದಲ ದಿನದಷ್ಟೇ ಹಟ ಮಾಡುತ್ತದೆ.

"ಒಂದು ಗುಪ್ಪೆ ಮಾತ್ರ ಮೇಲೆದ್ದು ನಿಲ್ಲುತ್ತದೆ"

ನನ್ನದು ಇದೇ ಜಾತಿ. ಹೆಚ್ಚು ಜನ ಕೇಳುವುದೂ ಇದನ್ನೇ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ.

ಮೊದಲು ಮಾಡಬಾರದ್ದನ್ನು ಹೇಳಿಬಿಡುತ್ತೇನೆ. ಎದ್ದು ನಿಂತ ಆ ಗುಪ್ಪೆಯನ್ನು ಕತ್ತರಿಸಬೇಡಿ. ಕನ್ನಡಿ ಮುಂದೆ ನಿಂತಾಗ, ಅದೊಂದನ್ನು ಕತ್ತರಿಸಿದರೆ ಮುಗಿಯಿತಲ್ಲ ಅಂತ ಅನ್ನಿಸಿಯೇ ಅನ್ನಿಸುತ್ತದೆ. ಉದ್ದ ಇದ್ದಾಗ ತನ್ನ ಭಾರಕ್ಕೆ ತಾನೇ ಸ್ವಲ್ಪವಾದರೂ ಬಾಗುತ್ತಿದ್ದ ಕೂದಲು, ಗಿಡ್ಡ ಆದ ಕೂಡಲೇ ಗದ್ದೆಯಲ್ಲಿ ಭತ್ತ ಕೊಯ್ದ ಮೇಲಿನ ಕೂಳೆಯ ಹಾಗೆ ನೆಟ್ಟಗಾಗುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದು. ಒಂದು ಸಲ ತಪ್ಪಿದರೆ ಸರಿಹೋಗಲು ನಾಲ್ಕೈದು ತಿಂಗಳು. ರೇಜರ್ ಹಾಕಿ ಆ ಜಾಗವನ್ನೇ ಬೋಳಿಸಿದವರನ್ನೂ ನೋಡಿದ್ದೇನೆ. ಎರಡನೇ ವಾರದಿಂದ ಹಣೆ ಮೇಲೆ ಚಿಕ್ಕ ಬ್ರಷ್ ಅಂಟಿಸಿಕೊಂಡ ಹಾಗೆ ಕಾಣುತ್ತದೆ.

ಈಗ ಕಾಸಿಲ್ಲದ ಉಪಾಯ. ಸುಳಿಯ ಗುಟ್ಟೆಲ್ಲ ಕೂದಲು ಒಣಗುವ ಮೊದಲ ಐದು ನಿಮಿಷದಲ್ಲಿದೆ. ಕೂದಲು ಕೆರಾಟಿನ್ ಅನ್ನುವ ಪ್ರೋಟೀನ್. ಅದರ ಒಳಗೆ ಹೈಡ್ರೋಜನ್ ಬಂಧ ಅಂತ ಸಣ್ಣ ಸಣ್ಣ ಕೊಂಡಿಗಳಿವೆ. ನೀರು ಬಿದ್ದರೆ ಅವು ಬಿಟ್ಟುಕೊಳ್ಳುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಒಣಗುವ ಹೊತ್ತಿಗೆ ಕೂದಲು ಮಲಗಿದ್ದರೆ ಮಲಗಿದ ಆಕಾರಕ್ಕೇ ಕೂಡಿಕೊಳ್ಳುತ್ತವೆ. ನಾವು ಏನು ಮಾಡುತ್ತೇವೆ? ತಲೆಗೆ ಟವೆಲ್ ಸುತ್ತಿ, ಕಾಫಿ ಕುಡಿದು, ಸೀರೆ ಉಟ್ಟು, ಕೊನೆಗೆ ಕನ್ನಡಿ ಮುಂದೆ ನಿಲ್ಲುತ್ತೇವೆ. ಅಷ್ಟು ಹೊತ್ತಿಗೆ ಸುಳಿ ತನಗೆ ಬೇಕಾದ ಹಾಗೆ ಕೂತು, ಒಣಗಿ, ಗಟ್ಟಿಯಾಗಿರುತ್ತದೆ.

ಹಾಗಾಗಿ ಬಚ್ಚಲಿಂದ ಬಂದ ತಕ್ಷಣ ಮುಂದಲೆಯನ್ನು ಮಾತ್ರ ಮೊದಲು ನೋಡಿ. ಉಳಿದ ತಲೆ ಕಾಯಲಿ. ಹಲ್ಲು ಒತ್ತಾಗಿರುವ ಬಾಚಣಿಗೆಯಿಂದ ಫ್ರಿಂಜನ್ನು ನೇರ ಕೆಳಗೆ ಬಾಚಿ. ಮೇಲಿನಿಂದ ಒಂದು ಮೆತ್ತನೆ ಹತ್ತಿ ಬಟ್ಟೆಯನ್ನು ಹಣೆಗೆ ಪಟ್ಟಿಯ ಹಾಗೆ ಕಟ್ಟಿ. ತಲೆನೋವಿಗೆ ಕಟ್ಟುತ್ತೇವಲ್ಲ, ಹಾಗೆ, ಆದರೆ ಬಿಗಿ ಬೇಡ. ಫ್ಯಾನ್ ಕೆಳಗೆ ಹದಿನೈದು ನಿಮಿಷ ಕೂತರೆ ಎಷ್ಟೋ ಸುಳಿಗಳು ಇಷ್ಟಕ್ಕೇ ತಣ್ಣಗಾಗುತ್ತವೆ. ಬೆಳಿಗ್ಗೆ ಟಿಫನ್ ಬಾಕ್ಸ್ ಕಟ್ಟುವಾಗ ನಾನು ಈ ಅವತಾರದಲ್ಲೇ ಇರುತ್ತೇನೆ.

ಇದಕ್ಕೆ ಬಗ್ಗದಿದ್ದರೆ ಡ್ರೈಯರ್. ಬಾಯಿ ಚಪ್ಪಟೆ ಇರುವ ನಾಜಲ್ ಹಾಕಿ. ಅದಿಲ್ಲದೆ ಗಾಳಿ ಎಲ್ಲಾ ಕಡೆ ಹರಡಿ ಕೂದಲನ್ನು ಇನ್ನಷ್ಟು ಎಬ್ಬಿಸುತ್ತದೆ. ಗಾಳಿಯ ವೇಗ ಕಡಿಮೆ, ಬಿಸಿ ಮಧ್ಯಮ. ಡ್ರೈಯರನ್ನು ತಲೆಯ ಮೇಲಿನಿಂದ ಕೆಳಮುಖವಾಗಿ, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಅಂದರೆ 15 ಸೆಂಟಿಮೀಟರ್ ದೂರ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಚಪ್ಪಟೆ ಬ್ರಷ್. ಫ್ರಿಂಜನ್ನು ಪೂರ್ತಿ ಎಡಕ್ಕೆ ಹಣೆಗೆ ಒತ್ತಿ ಬಾಚಿ, ಗಾಳಿ ಕೊಡಿ. ಆಮೇಲೆ ಪೂರ್ತಿ ಬಲಕ್ಕೆ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಬುಡ ಒಣಗುವವರೆಗೆ ಹೀಗೆ ಆಡಿಸುತ್ತಲೇ ಇರಿ. ಸುಳಿಗೆ ಯಾವ ಕಡೆ ಹೋಗಬೇಕು ಅಂತಲೇ ಗೊತ್ತಾಗದ ಹಾಗೆ ಮಾಡುವುದು ಇದರ ಉಪಾಯ. ಕೊನೆಗೆ ಎಲ್ಲವನ್ನೂ ಕೆಳಗೆ ಬಾಚಿ ಅರ್ಧ ನಿಮಿಷ ತಣ್ಣನೆ ಗಾಳಿ ಕೊಡಿ. ತಣ್ಣಗಾದ ಮೇಲೇ ಆಕಾರ ನಿಲ್ಲುವುದು. ದುಂಡು ಬ್ರಷ್ ಬೇಡ, ಅದು ಬುಡವನ್ನು ಎತ್ತುತ್ತದೆ. ನಮಗೆ ಬೇಕಾದ್ದು ತದ್ವಿರುದ್ಧ.

ತುದಿ ಒದ್ದೆ ಇದ್ದರೂ ಚಿಂತೆಯಿಲ್ಲ. ಬುಡ ಒದ್ದೆ ಉಳಿದರೆ ಕೆಲಸವೆಲ್ಲ ನೀರುಪಾಲು. ಬೆರಳು ಬುಡಕ್ಕೆ ಇಟ್ಟು ನೋಡಿ: ತಂಪು ಅನ್ನಿಸಿದರೆ ಇನ್ನೂ ಒಣಗಿಲ್ಲ.

ಎಚ್ಚರಿಕೆ ಮಾತು ಇಲ್ಲೇ ಹೇಳುತ್ತೇನೆ. ಬಚ್ಚಲುಮನೆಯಲ್ಲಿ, ಒದ್ದೆ ನೆಲದ ಮೇಲೆ ನಿಂತು, ಒದ್ದೆ ಕೈಯಲ್ಲಿ ಡ್ರೈಯರ್ ಮುಟ್ಟಬೇಡಿ. ನಿಮ್ಮ ಡ್ರೈಯರ್ ಎಷ್ಟು ವ್ಯಾಟ್ ಅಂತ ಹಿಡಿಕೆಯ ಮೇಲೆ ಬರೆದಿರುತ್ತದೆ. 2000 ವ್ಯಾಟ್‌ನದ್ದು 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಟೇಬಲ್ ಫ್ಯಾನ್ ಹಾಕುವ 6 ಆಂಪ್ ಸಾಕೆಟ್ಟಿಗೆ, ಅಡಾಪ್ಟರ್‌ಗೆ, ಬೀದಿಯಲ್ಲಿ ಕೊಂಡ ಎಕ್ಸ್‌ಟೆನ್ಶನ್‌ಗೆ ಅದು ತಡೆಯುವುದಿಲ್ಲ. ಗೀಸರ್ ಹಾಕುವಂಥ 16 ಆಂಪ್ ಪಾಯಿಂಟ್ ಬೇಕು. ಪ್ಲಗ್ ಕೈಗೆ ಬಿಸಿ ಹತ್ತಿದರೆ, ಸುಟ್ಟ ವಾಸನೆ ಬಂದರೆ, ಸ್ವಿಚ್ ಆಫ್ ಮಾಡಿ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ಗೆ ಹೇಳಿ.

ಸ್ಟ್ರೈಟ್ನರ್ ಒಣ ಕೂದಲಿಗೆ ಮಾತ್ರ. ಒದ್ದೆ ಕೂದಲಿಗೆ ಹಿಡಿದಾಗ "ಚುಯ್" ಅಂತ ಬರುವ ಸದ್ದು ಕೂದಲ ಒಳಗಿನ ನೀರು ಕುದಿಯುವ ಸದ್ದು. ತೆಳು ಕೂದಲಿಗೆ 150 ಡಿಗ್ರಿ ಸಾಕು. ಎಣ್ಣೆ ತಲೆಗೆ ಖಂಡಿತ ಬೇಡ. ಇನ್ನೊಂದು ಮಾತು, ಸುಳಿ ಇರುವುದು ಬುಡದಲ್ಲಿ, ಸ್ಟ್ರೈಟ್ನರ್ ಬುಡಕ್ಕೆ ತಲುಪುವುದಿಲ್ಲ. ತಲುಪಿಸಲು ಹೋದರೆ ಸುಡುವುದು ಹಣೆ. ನನ್ನ ಬಲ ಹಣೆಯಲ್ಲಿ ಅಕ್ಕಿಕಾಳಿನಷ್ಟು ಕಲೆ ಅದರದ್ದೇ.

"ನಡುವೆ ಬಾಗಿಲು ತೆರೆದ ಹಾಗೆ ಇಬ್ಭಾಗ ಆಗುತ್ತದೆ"

ಸುಳಿ ಹಣೆಯ ನಡುವೆ, ಇಲ್ಲವೇ ನಡುವಿಗೆ ಹತ್ತಿರ ಇದೆ ಅಂತ ಅರ್ಥ. ಒಂದೇ ಗೆರೆಗೆ ಕತ್ತರಿಸಿದ ಫ್ರಿಂಜ್‌ನಲ್ಲಿ ಇದು ಎದ್ದು ಕಾಣುತ್ತದೆ. ಎಷ್ಟೇ ಜೋಡಿಸಿದರೂ ಮಧ್ಯಾಹ್ನದ ಹೊತ್ತಿಗೆ ನಡುವೆ ಒಂದು ಕಿಂಡಿ.

ಮೊದಲ ಉಪಾಯ, ಮೇಲೆ ಹೇಳಿದ ಎಡ ಬಲ ಒಣಗಿಸುವುದು. ಎರಡನೆಯದು, ಸೋಲೊಪ್ಪಿಕೊಳ್ಳುವುದು. ಕಿಂಡಿ ಬೀಳಲಿ ಬಿಡಿ. ಅದನ್ನೇ ಬೈತಲೆ ಮಾಡಿ, ಎರಡು ಕಡೆಗೂ ಕೆನ್ನೆಯ ಮೂಳೆವರೆಗೆ ಇಳಿಬಿಟ್ಟರೆ ಅದೇ ಕರ್ಟನ್ ಫ್ರಿಂಜ್. ದುಡ್ಡು ಕೊಟ್ಟು ಜನ ಮಾಡಿಸಿಕೊಳ್ಳುವುದನ್ನು ನಿಮ್ಮ ಸುಳಿ ಬಿಟ್ಟಿ ಮಾಡಿಕೊಡುತ್ತಿದೆ. ಬೈತಲೆ ನಟ್ಟನಡುವೆಯೇ ಇರಬೇಕು ಅಂತಿಲ್ಲ, ಸುಳಿ ಇರುವ ಕಡೆಗೆ ಒಂದು ಬೆರಳು ಸರಿದಿದ್ದರೂ ಚೆಂದ.

ಈಗಾಗಲೇ ಹುಬ್ಬಿನ ಮಟ್ಟಕ್ಕೆ ಕತ್ತರಿಸಿಬಿಟ್ಟಿದ್ದರೆ? ಮೂರು ತಿಂಗಳು ಬೆಳೆಸಬೇಕು. ಅಲ್ಲಿವರೆಗೆ ಎರಡು ಕಡೆ ಟಿಕ್‌ಟಿಕ್ ಪಿನ್ನು. ಬೇರೆ ಮಂತ್ರ ಇಲ್ಲ.

ನಡುಸುಳಿ ಇದ್ದೂ ತುಂಬು ಫ್ರಿಂಜೇ ಬೇಕು ಅನ್ನುವವರಿಗೆ ಒಂದು ದಾರಿ ಇದೆ. ಫ್ರಿಂಜಿಗೆ ಅಂತ ಬೇರ್ಪಡಿಸುವ ತ್ರಿಕೋನಾಕಾರದ ಕೂದಲಿನ ಭಾಗವನ್ನು ಹಣೆ ಅಂಚಿನಿಂದ ಅಲ್ಲ, ಸುಳಿಯ ಹಿಂದಿನಿಂದ, ಇನ್ನೂ ನೆತ್ತಿ ಕಡೆಯಿಂದ ಶುರು ಮಾಡಿಸಿ. ಹಿಂದಿನಿಂದ ಬಂದ ಕೂದಲು ಸುಳಿಯ ಮೇಲೆ ಹೊದಿಕೆಯ ಹಾಗೆ ಬಿದ್ದು, ತನ್ನ ತೂಕದಿಂದ ಅದನ್ನು ಅದುಮಿಡುತ್ತದೆ. ಕೂದಲು ದಟ್ಟ ಇದ್ದವರಿಗೆ ಇದು ಒಗ್ಗುತ್ತದೆ. ತೆಳು ಕೂದಲಿನವರು ಇಷ್ಟೊಂದನ್ನು ಮುಂದೆ ತಂದರೆ ಹಿಂದೆ ಖಾಲಿ ಖಾಲಿ.

"ಪಾರ್ಲರ್‌ನಲ್ಲಿ ಸರಿ ಇತ್ತು, ಮನೆಗೆ ಬಂದ ಮೇಲೆ ಗಿಡ್ಡ ಆಯಿತು"

ನೀವು ತಪ್ಪು ನೋಡಿಲ್ಲ, ನಿಜವಾಗಿ ಗಿಡ್ಡ ಆಗಿದೆ. ಒದ್ದೆ ಕೂದಲು ಹಿಗ್ಗುತ್ತದೆ. ಒದ್ದೆಯಲ್ಲಿ ಎಳೆದು ಹಿಡಿದು ಹುಬ್ಬಿನ ಮಟ್ಟಕ್ಕೆ ಕತ್ತರಿಸಿದರೆ ಒಣಗಿದ ಮೇಲೆ ಮೇಲೇರುತ್ತದೆ. ನೇರ ಕೂದಲಿಗೆ ಸ್ವಲ್ಪ, ಗುಂಗುರು ಕೂದಲಿಗೆ ಬಹಳ. ಸುಳಿ ಇರುವ ಜಾಗ ಇನ್ನೂ ಒಂದು ಪಟ್ಟು ಜಾಸ್ತಿ ಏರುತ್ತದೆ, ಯಾಕೆಂದರೆ ಅಲ್ಲಿ ಕೂದಲು ಹೊರಡುವುದೇ ಮೇಲ್ಮುಖವಾಗಿ. ಹಾಗಾಗಿಯೇ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಕತ್ತರಿಸಿದವರ ಕೈ ಓರೆ ಅಂತ ಬೈಯುವ ಮೊದಲು ಇದನ್ನು ಯೋಚಿಸಿ.

ಪರೀಕ್ಷೆ: ಎರಡೂ ಕಡೆಯ ಒಂದೊಂದು ಎಳೆ ಹಿಡಿದು ಕೆಳಗೆ ಎಳೆದು ನೋಡಿ. ಎಳೆದಾಗ ಸಮ ಇದ್ದು ಬಿಟ್ಟಾಗ ಮೇಲುಕೆಳಗಾದರೆ ಅದು ಸುಳಿಯ ಕೆಲಸ, ಒಣಗಿಸುವ ರೀತಿ ಬದಲಿಸಿ. ಎಳೆದಾಗಲೂ ಸಮ ಇಲ್ಲದಿದ್ದರೆ ಕತ್ತರಿ ತಪ್ಪಿದೆ. ಒಣ ತಲೆಯಲ್ಲೇ ವಾಪಸ್ ಹೋಗಿ ತೋರಿಸಿ.

ಮನೆಯಲ್ಲಿ ನೀವೇ ಸರಿ ಮಾಡಲು ಕೂತರೆ, ಅಡುಗೆಮನೆ ಕತ್ತರಿ ಬೇಡ, ಅದು ಕೂದಲನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಕತ್ತರಿಯನ್ನು ಅಡ್ಡ ಹಿಡಿದು ಒಂದೇ ಏಟಿಗೆ ಗೆರೆ ಎಳೆಯಬೇಡಿ. ತುದಿ ಮೇಲ್ಮುಖವಾಗಿ, ನೆಟ್ಟಗೆ ಹಿಡಿದು, ಅಕ್ಕಿಕಾಳಿನಷ್ಟು ಉದ್ದವನ್ನು ಮಾತ್ರ ಚುಚ್ಚಿ ಚುಚ್ಚಿ ತೆಗೆಯಿರಿ. ಕತ್ತರಿಯ ಮೊನೆ ಕಣ್ಣ ಮುಂದೆಯೇ ಇರುತ್ತದೆ ಅನ್ನುವುದು ನೆನಪಿರಲಿ. ಕೂದಲನ್ನು ಹಣೆಯಿಂದ ಮುಂದಕ್ಕೆ ಎಳೆದು ಹಿಡಿದು, ಕಣ್ಣು ಮುಚ್ಚಿಸಿಕೊಂಡು ಬೇರೆಯವರ ಕೈಲಿ ಮಾಡಿಸುವುದು ಮೇಲು. ಪಕ್ಕದಲ್ಲಿ ಮಕ್ಕಳು ಓಡಾಡುತ್ತಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

"ಮನೆಯಲ್ಲಿ ಸರಿ ಇರುತ್ತದೆ, ಹೊರಗೆ ಹೋದ ಒಂದು ಗಂಟೆಗೆ ಮತ್ತೆ ಅದೇ ಕಥೆ"

ಗಾಳಿಯಲ್ಲಿರುವ ತೇವ. ಒಣಗುವಾಗ ಕೂಡಿಕೊಂಡ ಕೊಂಡಿಗಳು ತೇವಕ್ಕೆ ಮತ್ತೆ ಸಡಿಲ ಆಗುತ್ತವೆ, ಬೆವರಿಗೂ ಹಾಗೇ. ಕಲಬುರಗಿಯ ಒಣ ಬಿಸಿಲಲ್ಲಿ ದಿನವಿಡೀ ನಿಲ್ಲುವ ಫ್ರಿಂಜ್ ಮಂಗಳೂರಿನಲ್ಲಿ ಬಸ್ ಇಳಿಯುವ ಹೊತ್ತಿಗೆ ಕೈಬಿಡುತ್ತದೆ. ಕರಾವಳಿಯವರು, ಮಳೆಗಾಲದ ಮಲೆನಾಡಿನವರು ದಿನಾ ಡ್ರೈಯರ್ ಬೇಡುವ ಫ್ರಿಂಜ್ ಇಟ್ಟುಕೊಳ್ಳದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬಾಗಿದ ಕಡೆಗೇ ಬಾಗುವ ಉದ್ದನೆಯದು ಸಾಕು.

ಕಡಿಮೆ ಖರ್ಚಿನದ್ದು: ಒದ್ದೆ ಇರುವಾಗಲೇ ಬಟಾಣಿ ಕಾಳಿಗಿಂತ ಕಡಿಮೆ ಜೆಲ್ ತೆಗೆದುಕೊಂಡು ಬೆರಳಿನಲ್ಲಿ ಬುಡಕ್ಕೆ ಸವರಿ ಒಣಗಿಸಿ. ಲೋಳೆಸರದ ಜೆಲ್ ಕೂಡ ನಡೆಯುತ್ತದೆ. ಜಾಸ್ತಿ ಹಾಕಿದರೆ ಗಟ್ಟಿ ಪದರವಾಗಿ, ಒಣಗಿದ ಮೇಲೆ ಹೊಟ್ಟಿನ ಹಾಗೆ ಉದುರುತ್ತದೆ. ಹೇರ್ ಸ್ಪ್ರೇ ಬಳಸುವವರು ಗಮನಿಸಿ, ಅದು ಬೆಂಕಿ ಹಿಡಿಯುವ ವಸ್ತು. ಸ್ಪ್ರೇ ಹೊಡೆದುಕೊಂಡು ತಕ್ಷಣ ಒಲೆ ಮುಂದೆ, ದೀಪದ ಮುಂದೆ, ಆರತಿ ತಟ್ಟೆಗೆ ಬಗ್ಗುವುದು ಬೇಡ.

"ಫ್ರಿಂಜ್ ಎಳೆ ಎಳೆಯಾಗಿ ಅಂಟಿಕೊಳ್ಳುತ್ತದೆ, ಹಣೆಯಲ್ಲಿ ಮೊಡವೆ"

ಎಣ್ಣೆ. ಸುಳಿ ಕೂರಲಿ ಅಂತ ಕೊಬ್ಬರಿ ಎಣ್ಣೆ ಸವರುವುದು ನಮ್ಮ ಮನೆಮನೆಯ ಅಭ್ಯಾಸ. ಜಡೆ ಹಾಕಿದಾಗ ಸರಿ, ಫ್ರಿಂಜಿಗೆ ಸರಿಹೋಗುವುದಿಲ್ಲ. ಎಣ್ಣೆಗೆ ಎಳೆಗಳು ಒಂದಕ್ಕೊಂದು ಅಂಟಿ ಸುಳಿಯ ಜಾಗ ಬೋಳಾಗಿ ಕಾಣುತ್ತದೆ, ಹಣೆಯ ಚರ್ಮದ ರಂಧ್ರಗಳೂ ಕಟ್ಟಿಕೊಳ್ಳುತ್ತವೆ. ತಲೆಗೆ ಎಣ್ಣೆ ಹಾಕಿಕೊಳ್ಳಿ, ಫ್ರಿಂಜ್ ಬಿಟ್ಟು ಹಾಕಿಕೊಳ್ಳಿ. ಮಧ್ಯೆ ಜಿಡ್ಡಾದರೆ ಪೂರ್ತಿ ತಲೆ ಬೇಡ, ಉಳಿದದ್ದನ್ನು ಕಟ್ಟಿ ಫ್ರಿಂಜನ್ನಷ್ಟೇ ಸಿಂಕಿನಲ್ಲಿ ತೊಳೆದರೆ ಎರಡು ನಿಮಿಷದ ಕೆಲಸ.

"ಹಣೆ ಅಂಚಿನಲ್ಲಿ ಎಲ್ಲಾ ಕಡೆ ಚಿಕ್ಕ ಕೂದಲು ನಿಂತಿದೆ, ಮೊದಲು ಹೀಗಿರಲಿಲ್ಲ"

ಸುಳಿ ಹುಟ್ಟಿನಿಂದ ಬಂದದ್ದು. ಹೊಸದಾಗಿ ಶುರುವಾದದ್ದು ಸುಳಿ ಅಲ್ಲ. ಇಲ್ಲಿ ಸ್ಟೈಲ್ ಮಾತು ಬಿಟ್ಟು ಕಾರಣ ಹುಡುಕಬೇಕು.

ಆ ಚಿಕ್ಕ ಕೂದಲಿನ ತುದಿ ನೋಡಿ. ತುದಿ ಸಪೂರವಾಗಿ, ಮೆತ್ತಗೆ ಇದ್ದರೆ ಅದು ಹೊಸದಾಗಿ ಹುಟ್ಟುತ್ತಿರುವ ಕೂದಲು. ಹೆರಿಗೆಯಾಗಿ ಮೂರು ತಿಂಗಳಿಗೆ, ಇಲ್ಲವೇ ಡೆಂಗ್ಯೂ, ಟೈಫಾಯ್ಡ್‌ನಂಥ ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿ ಉದುರಿ, ಆಮೇಲೆ ಹೀಗೆ ಮರಳಿ ಬರುತ್ತದೆ. ಗಾಬರಿ ಬೇಡ, ಬೆಳೆಯಲು ಬಿಡಿ. ತುದಿ ಮೊಂಡಾಗಿ, ಸೀಳಿಕೊಂಡಿದ್ದರೆ ಕೂದಲು ತುಂಡಾಗುತ್ತಿದೆ. ಜಾಸ್ತಿ ಬಿಸಿ, ಕೆಮಿಕಲ್ ಅಥವಾ ಬಿಗಿ ರಬ್ಬರ್ ಬ್ಯಾಂಡ್. ವರ್ಷಗಟ್ಟಲೆ ಹಿಂದಕ್ಕೆ ಬಿಗಿದು ಕಟ್ಟಿದರೆ ಹಣೆಯ ಅಂಚು ಹಿಂದೆ ಸರಿಯುತ್ತಾ ಹೋಗುತ್ತದೆ. ಬೇಗ ಸಡಿಲ ಬಿಟ್ಟರೆ ಕೂದಲು ಮರಳುತ್ತದೆ, ತಡವಾದರೆ ಬುಡವೇ ಸತ್ತಿರುತ್ತದೆ.

ಪಾರ್ಲರ್ ಅಲ್ಲ, ಚರ್ಮದ ಡಾಕ್ಟರ ಹತ್ತಿರ ಹೋಗಬೇಕಾದ ಲಕ್ಷಣಗಳು: ನಾಣ್ಯದ ಆಕಾರದಲ್ಲಿ ನುಣ್ಣಗೆ ಬೋಳಾದ ಜಾಗ, ಬುಡದಲ್ಲಿ ಕೀವು ಗುಳ್ಳೆ, ನಿಲ್ಲದ ತುರಿಕೆ, ದಪ್ಪ ಸಿಪ್ಪೆ, ಮೂರು ನಾಲ್ಕು ತಿಂಗಳಾದರೂ ನಿಲ್ಲದ ಉದುರುವಿಕೆ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ, ಬಾಚಣಿಗೆ ನೋಡಿ ಹೆದರಬೇಡಿ. ಬೋಳು ಜಾಗ ಮುಚ್ಚಲು ಫ್ರಿಂಜ್ ಕತ್ತರಿಸುವ ಮೊದಲು ಡಾಕ್ಟರು ಒಮ್ಮೆ ನೋಡಲಿ.

"ಮಗನ ಕ್ರಾಪು ಯಾವಾಗಲೂ ಮುಂದೆ ಎದ್ದಿರುತ್ತದೆ"

ಗಂಡುಮಕ್ಕಳಿಗೆ ಇದು ಸುಲಭ, ಯಾಕೋ ಜನ ಕಷ್ಟ ಮಾಡಿಕೊಳ್ಳುತ್ತಾರೆ. ಎರಡೇ ದಾರಿ. ಒಂದೋ ಮುಂದೆ ಏಳಲಾಗದಷ್ಟು ಗಿಡ್ಡ, ಮೆಷಿನ್ ಕಟಿಂಗ್. ಇಲ್ಲವೋ ಸುಳಿ ಎತ್ತಿದ ಕಡೆಗೇ ಎತ್ತಿ ಬಾಚುವಷ್ಟು ಉದ್ದ. ಎರಡರ ನಡುವಿನ ಮೂರು ನಾಲ್ಕು ಸೆಂಟಿಮೀಟರ್ ಉದ್ದವೇ ಮುಳ್ಳುಹಂದಿ. ಸ್ಕೂಲಿನವರು ಬಯ್ಯದ ಉದ್ದವೂ ಅದೇ ಆಗಿರುವುದು ಬೇರೆ ಮಾತು.

ಇನ್ನೂ ಕತ್ತರಿಸಿಲ್ಲ ಅನ್ನುವವರಿಗೆ

ಪುಣ್ಯವಂತರು. ಸುಳಿಯ ದಿಕ್ಕಿಗೆ ಬಾಗುವ ಓರೆ ಫ್ರಿಂಜ್ ಹೆಚ್ಚಿನ ಎಲ್ಲಾ ಮುಂದಲೆ ಸುಳಿಗೂ ಹೊಂದುತ್ತದೆ. ನನ್ನ ಕೂದಲು ಬಲದಿಂದ ಎಡಕ್ಕೆ ಹರಿಯುತ್ತದೆ, ಹಾಗಾಗಿ ಬೈತಲೆ ಬಲಕ್ಕೆ, ಫ್ರಿಂಜ್ ಎಡಕ್ಕೆ. ಹೊಳೆ ಹರಿಯುವ ಕಡೆಗೇ ದೋಣಿ ಬಿಟ್ಟ ಹಾಗೆ. ಸಾಧನಾ ಕಟ್‌ನ ಆಸೆ ಇಟ್ಟುಕೊಂಡವರಿಗೆ ಒಂದು ಮಾತು. 1960ರಲ್ಲಿ "ಲವ್ ಇನ್ ಸಿಮ್ಲಾ" ಬಂದ ಮೇಲೆ ನಟಿ ಸಾಧನಾ ಅವರ ಹಣೆಗೂದಲನ್ನು ನೋಡಿ ದೇಶದ ಹುಡುಗಿಯರೆಲ್ಲ ಕತ್ತರಿ ಹಿಡಿದರು. ನಮ್ಮ ಅಮ್ಮನ ಕಾಲಕ್ಕೂ ಪಾರ್ಲರ್‌ನಲ್ಲಿ ಅದೇ ಹೆಸರು ನಡೆಯುತ್ತಿತ್ತು. ಚೆಂದದ ಕಟ್, ಸಂಶಯ ಇಲ್ಲ. ಆದರೆ ಹುಬ್ಬಿನ ಮೇಲೆ ನಿಲ್ಲುವ ಆ ಗಿಡ್ಡ ಫ್ರಿಂಜ್ ಗಟ್ಟಿ ಸುಳಿ ಇದ್ದವರಿಗೆ ದಿನಾ ಬೆಳಿಗ್ಗೆ ಹತ್ತು ನಿಮಿಷದ ಜಗಳ. ಅಷ್ಟು ತಾಳ್ಮೆ ಇದ್ದರೆ ಮಾಡಿಸಿ.

ಕತ್ತರಿಸುವವರಿಗೆ ಹೇಳಬೇಕಾದ್ದು ನಾಲ್ಕು ಮಾತು. "ಇಲ್ಲಿ ಸುಳಿ ಇದೆ, ಮೊದಲು ಒದ್ದೆ ಮಾಡಿ ನೋಡಿ. ಕತ್ತರಿಸುವುದು ಮಾತ್ರ ಒಣಗಿದ ಮೇಲೆ. ಮೊದಲ ಸಲ ಮೂಗಿನ ತುದಿವರೆಗೆ ಸಾಕು. ಸುಳಿಯ ಜಾಗದಲ್ಲಿ ತೆಳು ಮಾಡಬೇಡಿ." ಕೊನೆಯದು ಮುಖ್ಯ. ತೆಳು ಮಾಡುವ ಹಲ್ಲಿನ ಕತ್ತರಿಯನ್ನು ಸುಳಿಯ ಮೇಲೆ ಆಡಿಸಿದರೆ ಒಳಗೆಲ್ಲ ಗಿಡ್ಡ ಎಳೆಗಳು ಹುಟ್ಟಿ, ಮೇಲಿನ ಉದ್ದ ಕೂದಲನ್ನು ಎತ್ತಿ ಹಿಡಿಯುತ್ತವೆ. ನನಗೆ ಆ ಮದುವೆ ಮುಂದೆ ಆದದ್ದೂ ಅದೇ. ಈ ಮಾತುಗಳನ್ನು ಕೇಳಿ "ಅದೆಲ್ಲ ನಾವು ನೋಡ್ಕೋತೀವಿ ಮೇಡಂ" ಅಂತ ನೀರು ಚಿಮುಕಿಸದೆಯೇ ಕತ್ತರಿ ಎತ್ತಿದರೆ, ಎದ್ದು ಬಂದುಬಿಡಿ.

ಕೆಮಿಕಲ್ ಹಾಕಿ ನೇರ ಮಾಡಿಸಿದರೆ?

ಕಡೆಯ ದಾರಿ, ನನ್ನ ಮಟ್ಟಿಗೆ ದಾರಿಯೇ ಅಲ್ಲ. ಸ್ಮೂದನಿಂಗ್, ಕೆರಾಟಿನ್ ಟ್ರೀಟ್‌ಮೆಂಟ್ ಬದಲಾಯಿಸುವುದು ಹೊರಗೆ ಬಂದ ಕೂದಲನ್ನು. ಬುಡದ ಓರೆ ಹಾಗೇ ಇರುತ್ತದೆ. ಚರ್ಮಕ್ಕೆ ತಾಗಬಾರದು ಅಂತ ಬುಡದಲ್ಲಿ ಸ್ವಲ್ಪ ಜಾಗ ಬಿಟ್ಟೇ ಹಚ್ಚುತ್ತಾರೆ, ಸುಳಿ ಇರುವುದೇ ಆ ಜಾಗದಲ್ಲಿ. ಎರಡು ತಿಂಗಳಲ್ಲಿ ಎರಡು ಸೆಂಟಿಮೀಟರ್ ಹೊಸ ಕೂದಲು ತನ್ನ ಹಳೇ ಬುದ್ಧಿಯ ಜೊತೆ ಬಂದು ಕೂರುತ್ತದೆ.

ಇಂಥ ಕೆಲವು ಕೆಮಿಕಲ್‌ಗಳು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಕಣ್ಣು ಉರಿ, ಗಂಟಲು ಕೆರೆತ ಅದರಿಂದಲೇ. ಗ್ಲೈಆಕ್ಸಿಲಿಕ್ ಆಮ್ಲ ಇರುವ ಕ್ರೀಮು ಹಚ್ಚಿಸಿಕೊಂಡ ಮೇಲೆ ಕಿಡ್ನಿಗೆ ಪೆಟ್ಟಾದ ಪ್ರಕರಣಗಳನ್ನೂ ಡಾಕ್ಟರುಗಳು ವರದಿ ಮಾಡಿದ್ದಾರೆ. ಮಾಡಿಸಲೇಬೇಕು ಅಂದರೆ ಪ್ಯಾಕೆಟ್ ಮೇಲೆ ಏನಿದೆ ಓದಿ, ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ನೋಡಿ, ಕಿಟಕಿ ತೆರೆದ ಜಾಗದಲ್ಲಿ ಮಾಡಿಸಿ. ಬಸುರಿಯರು, ಹಾಲೂಡಿಸುವ ತಾಯಂದಿರು, ಉಬ್ಬಸ ಇರುವವರು ದೂರ ಇರಿ. ಹಚ್ಚುವಾಗ ನೆತ್ತಿ ಉರಿದರೆ "ಸ್ವಲ್ಪ ಹೊತ್ತು ತಡ್ಕೊಳ್ಳಿ" ಅನ್ನುವವರ ಮಾತು ಕೇಳಬೇಡಿ, ಕೂಡಲೇ ತೊಳೆಸಿ. ಆಮೇಲೆ ಉಸಿರಾಟಕ್ಕೆ ಕಷ್ಟ, ಮುಖದಲ್ಲಿ ಬಾವು, ವಾಂತಿ, ಹೊಟ್ಟೆನೋವು ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಏನು ಹಚ್ಚಿದ್ದರು ಅನ್ನುವುದನ್ನೂ ಹೇಳಿ.

"ನಾಳೆ ಬೆಳಿಗ್ಗೆಯೇ ಫಂಕ್ಷನ್, ಫ್ರಿಂಜ್ ಹೀಗೆ ನಿಂತಿದೆ"

ಕತ್ತರಿ ಕೆಳಗಿಡಿ. ಬೆಳಿಗ್ಗೆ ಸುಳಿಯ ಜಾಗವನ್ನು ಬುಡದವರೆಗೆ ಒದ್ದೆ ಮಾಡಿ, ಚೂರು ಜೆಲ್ ಸವರಿ. ಸುಳಿ ಹೋಗುವ ಕಡೆಗೇ ಕೂದಲನ್ನು ಹಿಂದಕ್ಕೆ ಎರಡು ಸುತ್ತು ತಿರುಚಿ, ಕಿವಿಯ ಮೇಲ್ಗಡೆ ಎರಡು ಪಿನ್ನು ಕತ್ತರಿಯಾಕಾರದಲ್ಲಿ ಒಂದರ ಮೇಲೊಂದು ಚುಚ್ಚಿ. ಒಂದೇ ಪಿನ್ನಾದರೆ ಜಾರುತ್ತದೆ. ಅದರ ಮೇಲೆ ಹೂ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಅಕ್ಕನ ಮದುವೆಯ ಬೆಳಿಗ್ಗೆ ಅಜ್ಜಿ ನನಗೆ ಮಾಡಿದ್ದು ಇದನ್ನೇ. ಜೆಲ್ ಬದಲು ಲೋಳೆಸರ, ಜೊತೆಗೆ ಬೈತಲೆ ಬೊಟ್ಟಿನ ಬಲಗಡೆಯ ಸರವನ್ನು ಸರಿಯಾಗಿ ಸುಳಿಯ ಮೇಲೆ ಬರುವ ಹಾಗೆ ಎಳೆದು ಕಟ್ಟಿದ್ದರು. ಧಾರೆಯವರೆಗೂ ಕೂತಿತ್ತು. ಊಟದ ಪಂಕ್ತಿಯಲ್ಲಿ ಪಾಯಸ ಬಡಿಸಲು ಬಗ್ಗಿದಾಗ ಪಿನ್ನು ಜಾರಿದ್ದು, ಫೋಟೋದವನು ಕ್ಲಿಕ್ ಮಾಡಿದ್ದು ಸರಿಯಾಗಿ ಆಗಲೇ.